ಉರಿಯೊಳಗಿನ ನೈಟ್ರಿಕ್ ಆಕ್ಸೈಡ್ ನೋಡಲು ಯಾವ ಲೇಸರ್? 193, 248, 226

ಉರಿಯಲ್ಲಿ ನೈಟ್ರಿಕ್ ಆಕ್ಸೈಡ್, ಅಂದರೆ ಎನ್‌ಒ, ಎಲ್ಲಿ ಎಷ್ಟಿದೆ ಎಂದು ಚಿತ್ರವಾಗಿ ನೋಡುವುದು ನನ್ನ ಕೆಲಸ. ಅತಿನೇರಳೆ ಲೇಸರನ್ನು ತೆಳ್ಳನೆಯ ಹಾಳೆಯಂತೆ ಹರಡಿ ಉರಿಯ ಮೂಲಕ ಹಾಯಿಸುತ್ತೇವೆ. ಬೆಳಕು ಹೀರಿದ ಎನ್‌ಒ ಅಣುಗಳು ಮರಳಿ ಮಿನುಗುತ್ತವೆ. ಆ ಮಿನುಗನ್ನು ಇಂಟೆನ್ಸಿಫೈಯರ್, ಅಂದರೆ ಮಂದ ಬೆಳಕನ್ನು ಹೆಚ್ಚಿಸುವ ಸಾಧನ, ಇರುವ ಕ್ಯಾಮೆರಾ ಹಿಡಿಯುತ್ತದೆ. ಯಾವ ತರಂಗಾಂತರದ ಲೇಸರ್ ಬಳಸಬೇಕು ಎಂಬಲ್ಲಿ ಮಾತ್ರ ಗೊಂದಲ ಜಾಸ್ತಿ. 193, 248, 226 ನ್ಯಾನೋಮೀಟರ್ ಮೂರನ್ನೂ ಒಂದೇ ಬರ್ನರ್ ಮೇಲೆ, ಮೀಥೇನ್ ಮತ್ತು ಗಾಳಿಯ ಉರಿಯಲ್ಲಿ ನೋಡಿದ್ದೇನೆ.

193ರ ಮಾತು ಬೇಗ ಮುಗಿಸುತ್ತೇನೆ. ಇದು ಆರ್ಗಾನ್ ಫ್ಲೋರೈಡ್ ಎಕ್ಸೈಮರ್, ಅಂದರೆ ಅನಿಲದಿಂದ ಅತಿನೇರಳೆ ಪಲ್ಸ್ ಕೊಡುವ ಲೇಸರ್. ಶಕ್ತಿಗೆ ಕೊರತೆಯಿಲ್ಲ. ಆದರೆ ಅದೇ ಬೆಳಕನ್ನು ಬಿಸಿ ಆಮ್ಲಜನಕವೂ ಹೀರುತ್ತದೆ, ಬಿಸಿ ಇಂಗಾಲದ ಡೈಆಕ್ಸೈಡೂ ಹೀರುತ್ತದೆ. ಲೇಸರ್ ಒಳಬರುವ ಬದಿ ಬೆಳ್ಳಗೆ, ಆಚೆ ಬದಿ ಮಂಕು. ಚಿತ್ರದಲ್ಲಿ ಕಾಣುವ ಏರಿಳಿತ ಎನ್‌ಒದ್ದೋ ಲೇಸರ್ ಸೊರಗಿದ್ದರದ್ದೋ ಎಂದು ಬಿಡಿಸಿ ಹೇಳಲು ನನಗೆ ಆಗಲಿಲ್ಲ. ಅದನ್ನು ಬದಿಗಿಟ್ಟೆ.

248 ನನಗೆ ನಿಜಕ್ಕೂ ಇಷ್ಟವಾಗಿತ್ತು. ಇದು ಕ್ರಿಪ್ಟಾನ್ ಫ್ಲೋರೈಡ್ ಎಕ್ಸೈಮರ್. ಶಕ್ತಿ ಧಾರಾಳ, ಹಾಗಾಗಿ ಹಾಳೆಯನ್ನು ಅಗಲ ಮಾಡಿದರೂ ಒಂದೇ ಪಲ್ಸ್‌ನಲ್ಲಿ ಚಿತ್ರ ಸಿಗುತ್ತದೆ. ಇನ್ನೊಂದು ಅನುಕೂಲ ಇದಕ್ಕಿಂತ ದೊಡ್ಡದು. ಎನ್‌ಒ ಇಲ್ಲಿ 226 ಮತ್ತು 237ರ ಸುತ್ತಲೂ ಮಿನುಗುತ್ತದೆ, ಅಂದರೆ ಲೇಸರ್‌ಗಿಂತ ಕಡಿಮೆ ತರಂಗಾಂತರದಲ್ಲಿ. ಅರೆಬೆಂದ ಇಂಧನದ ಮಿನುಗು ಹೆಚ್ಚಾಗಿ ಲೇಸರ್‌ಗಿಂತ ಉದ್ದದ ತರಂಗಾಂತರದಲ್ಲಿರುತ್ತದೆ. ಸರಿಯಾದ ಫಿಲ್ಟರ್ ಹಾಕಿದರೆ ಆ ಕಸವೆಲ್ಲ ಹೊರಗೇ ಉಳಿಯುತ್ತದೆ.

ತೊಂದರೆ ಇರುವುದು ಅಣುಗಳ ಲೆಕ್ಕದಲ್ಲಿ. ಬಿಸಿಯಾದಂತೆ ಅಣುಗಳ ಕಂಪನ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 248ರ ಬೆಳಕನ್ನು ಹೀರುವುದು ಕಂಪನದ ಎರಡನೇ ಮೆಟ್ಟಿಲು ಹತ್ತಿರುವ ಎನ್‌ಒ ಮಾತ್ರ. 2000 ಕೆಲ್ವಿನ್‌ನಲ್ಲಿ ನೂರಕ್ಕೆ ಸುಮಾರು 5 ಅಣುಗಳಷ್ಟೇ ಅಲ್ಲಿರುತ್ತವೆ. ತಣ್ಣನೆಯ ಅನಿಲದಲ್ಲಂತೂ ಇಲ್ಲವೇ ಇಲ್ಲ ಎನ್ನಬಹುದು. ಹಾಗಾಗಿ ಕ್ವಾರ್ಟ್ಜ್ ಸೆಲ್‌ನಲ್ಲಿ, ಅಂದರೆ ಮುಚ್ಚಿದ ಪುಟ್ಟ ಪಾತ್ರೆಯಲ್ಲಿ, ತಣ್ಣನೆಯ ಎನ್‌ಒ ತುಂಬಿ ಲೇಸರನ್ನು ಗೆರೆಗೆ, ಅಂದರೆ ಎನ್‌ಒ ಹೀರುವ ನಿಖರ ತರಂಗಾಂತರಕ್ಕೆ, ಕೂರಿಸೋಣ ಎಂದರೆ ಏನೂ ಕಾಣುವುದಿಲ್ಲ. ಪ್ರತಿ ಸಲವೂ ಉರಿ ಹಚ್ಚಿ, ಅದರಲ್ಲೇ ಗೆರೆ ಹುಡುಕಬೇಕು.

226ರಲ್ಲಿ ಹೀಗಿಲ್ಲ. ಈ ಬೆಳಕನ್ನು ಹೀರುವುದು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನ ಅಣುಗಳು. ಅದೇ 2000 ಕೆಲ್ವಿನ್‌ನಲ್ಲಿ ನೂರಕ್ಕೆ ಸುಮಾರು 74 ಅಲ್ಲೇ ಇರುತ್ತವೆ. ತಣ್ಣನೆಯ ಸೆಲ್‌ನಲ್ಲೂ ಗೆರೆಗಳು ಚೊಕ್ಕವಾಗಿ ಕಾಣುತ್ತವೆ. ಆದರೆ ಕೈಕೆಲಸ ಜಾಸ್ತಿ. ಎನ್‌ಡಿ-ಯಾಗ್ ಎಂಬ ಹರಳಿನ ಲೇಸರ್‌ನ 355 ನ್ಯಾನೋಮೀಟರ್ ಬೆಳಕಿನಿಂದ ಡೈ ಲೇಸರ್, ಅಂದರೆ ಬಣ್ಣದ ದ್ರವದಿಂದ ಬೆಳಕು ಕೊಡುವ ಲೇಸರ್, ಓಡಿಸಬೇಕು. 452ರ ಆಸುಪಾಸಿನ ನೀಲಿ ಬೆಳಕನ್ನು ಬಿಬಿಒ ಹರಳಿನಲ್ಲಿ ಹಾಯಿಸಿ ತರಂಗಾಂತರ ಅರ್ಧಕ್ಕೆ ಇಳಿಸಬೇಕು. ಡೈ ದಿನದಿಂದ ದಿನಕ್ಕೆ ಸೊರಗುತ್ತದೆ. ಕೊನೆಗೆ ಕೈಗೆ ಸಿಗುವುದು ಕೆಲವೇ ಮಿಲಿಜೂಲ್. ಹಾಳೆಯನ್ನು ಅಗಲ ಮಾಡಲು ಹೋದರೆ ಚಿತ್ರ ಮಸುಕಾಗುತ್ತದೆ.

ಇಷ್ಟು ನೋಡಿದ ಮೇಲೂ 248 ಗೆದ್ದಂತೆಯೇ ಅನಿಸಿತ್ತು, ಯಾಕೆಂದರೆ ಅದರ ಚಿತ್ರ ಅಷ್ಟು ಬೆಳ್ಳಗೆ ಬರುತ್ತಿತ್ತು. ಆಮೇಲೆ ಒಂದು ಪರೀಕ್ಷೆ ಮಾಡಿದೆ. ಗಾಳಿ ಜಾಸ್ತಿ, ಇಂಧನ ಕಮ್ಮಿ ಇರುವ ಉರಿ ಇಟ್ಟು, ಗಾಳಿಯ ನೈಟ್ರೋಜನ್ ಪೂರ್ತಿ ತೆಗೆದು ಆರ್ಗಾನ್ ಕೊಟ್ಟೆ. ಸುತ್ತಲಿನ ಗಾಳಿ ನುಗ್ಗದಂತೆ ಬರ್ನರ್ ಸುತ್ತಲೂ ಆರ್ಗಾನ್ ಹರಿಸಿದೆ. ಆರ್ಗಾನ್ ಬೇಗ ಬಿಸಿಯಾಗುವ ಅನಿಲ, ಉರಿಯ ತಾಪ ಏರಿಬಿಡುತ್ತದೆ. ಅದಕ್ಕೇ ಇನ್ನಷ್ಟು ಆರ್ಗಾನ್ ಸೇರಿಸಿ ತಾಪವನ್ನು ಹಳೆಯ ಮಟ್ಟಕ್ಕೆ ತಂದೆ. ನೈಟ್ರೋಜನ್ನೇ ಇಲ್ಲದ ಮೇಲೆ ಎನ್‌ಒ ಎಲ್ಲಿಂದ ಬರಬೇಕು? ಆದರೂ 248ರ ಚಿತ್ರ ಆರಲಿಲ್ಲ! ಬಿಸಿ ಅನಿಲದ ಅದೇ ಆಕಾರ, ಅದೇ ಅಂಚು, ಸ್ವಲ್ಪ ಮಂಕು ಅಷ್ಟೇ. ನಾನು ಎನ್‌ಒ ಎಂದುಕೊಂಡದ್ದರಲ್ಲಿ ದೊಡ್ಡ ಪಾಲು ಬಿಸಿ ಆಮ್ಲಜನಕದ ಮಿನುಗಾಗಿತ್ತು. ಅದೇ ಉರಿಗೆ 226 ಹಾಯಿಸಿದಾಗ ಪರದೆ ಬಹುತೇಕ ಕಪ್ಪಾಯಿತು. ಆ ಕಪ್ಪು ಚಿತ್ರ ನೋಡಿ ಆದ ಸಮಾಧಾನ ಈಗಲೂ ನೆನಪಿದೆ.

ಲೇಸರನ್ನು ಗೆರೆಯಿಂದ ತುಸು ಸರಿಸಿ ಇನ್ನೊಂದು ಚಿತ್ರ ತೆಗೆದು, ಮೊದಲನೆಯದರಿಂದ ಕಳೆದರೆ ಆಯ್ತಲ್ವಾ ಎಂದು ಕೇಳಬಹುದು. ಕಳೆಯಲೇಬೇಕು, ಎರಡಕ್ಕೂ. 226ರಲ್ಲಿ ಒಳ್ಳೆಯ ಗೆರೆ ಆರಿಸಿಕೊಂಡರೆ ಕಳೆಯಬೇಕಾದ್ದು ಚಿಕ್ಕದು. 248ರಲ್ಲಿ ತುಸು ಸರಿಸಿದ ಕಡೆ ಆಮ್ಲಜನಕದ ಬೇರೆ ಗೆರೆ ಸಿಕ್ಕಿಬಿಡಬಹುದು, ಆಗ ಕಳೆದದ್ದೇ ತಪ್ಪಾಗುತ್ತದೆ. ಗೆರೆ ಆರಿಸುವ ಮೊದಲು ಲಿಫ್‌ಸಿಮ್ ಎಂಬ ತಂತ್ರಾಂಶದಲ್ಲಿ ಎನ್‌ಒ ಮತ್ತು ಆಮ್ಲಜನಕದ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಸಂಶೋಧಕರಾದ ಬೆಸ್ಲರ್, ಶುಲ್ಜ್, ಹ್ಯಾನ್ಸನ್ ಮತ್ತು ಜೊತೆಯವರು ಒತ್ತಡ ಜಾಸ್ತಿ ಇರುವ ಉರಿಗಳಿಗಾಗಿ 2002 ಮತ್ತು 2003ರಲ್ಲಿ 226, 236, 248ರ ಸುತ್ತಲಿನ ಗೆರೆಗಳನ್ನು ಹೀಗೇ ಅಳೆದು ತೂಗಿದ್ದಾರೆ. 236 ನಾನು ಬಳಸಿಲ್ಲ.

ಮಿನುಗನ್ನು ಪಿಪಿಎಂಗೆ, ಅಂದರೆ ಹತ್ತು ಲಕ್ಷ ಅಣುಗಳಲ್ಲಿ ಎಷ್ಟು ಎನ್‌ಒ ಎಂಬ ಲೆಕ್ಕಕ್ಕೆ, ತಿರುಗಿಸುವಾಗಲೂ ನನಗೆ 226 ಹಗುರವಾಯಿತು. ಉರಿಯೊಳಗೆ ಹೋಗುವ ಅನಿಲಕ್ಕೆ ಗೊತ್ತಿರುವಷ್ಟು ಎನ್‌ಒ ಬೆರೆಸುತ್ತಾ ಹೋಗಿ, ಮಿನುಗು ನೇರ ಗೆರೆಯಲ್ಲಿ ಏರುತ್ತದೆಯೇ ನೋಡುತ್ತೇನೆ. ಈ ಲೆಕ್ಕ ಇಂಧನ ಕಮ್ಮಿ ಇರುವ ಉರಿಗೆ ಸರಿ. ಇಂಧನ ಜಾಸ್ತಿಯಾದರೆ ಬೆರೆಸಿದ ಎನ್‌ಒವನ್ನೇ ಉರಿ ತಿಂದುಹಾಕುತ್ತದೆ. ಒಂದು ಉರಿಯ ಲೆಕ್ಕವನ್ನು ಇನ್ನೊಂದಕ್ಕೆ ಸುಮ್ನೆ ಒಯ್ಯಲೂಬಾರದು. ಆಮ್ಲಜನಕ, ನೀರಾವಿ, ಇಂಗಾಲದ ಡೈಆಕ್ಸೈಡ್ ಡಿಕ್ಕಿ ಹೊಡೆದು ಮಿನುಗನ್ನು ಆರಿಸುತ್ತವೆ. ನೈಟ್ರೋಜನ್ ಅವುಗಳ ಮುಂದೆ ಏನೂ ಅಲ್ಲ. ಅನಿಲದ ಮಿಶ್ರಣ ಬದಲಾದರೆ ಈ ಆರುವಿಕೆಯನ್ನೂ ಹೊಸದಾಗಿ ಲೆಕ್ಕ ಹಾಕಬೇಕು.

ಸದ್ಯಕ್ಕೆ ಮಸಿ ಇಲ್ಲದ, ವಾತಾವರಣದ ಒತ್ತಡದ ಉರಿಗೆಲ್ಲ 226 ಬಳಸುತ್ತಿದ್ದೇನೆ. ಡೈ ಬದಲಿಸುವ ಬೇಸರ ಇದ್ದೇ ಇದೆ, ಆದರೂ ಸರಿ. ಮಸಿ ಕಟ್ಟುವ ಹಳದಿ ಉರಿ ಬಂದಾಗ ಮತ್ತೆ 248 ಹೊರಗೆ ಬರುತ್ತದೆ, ಅಲ್ಲಿ ಆ ಫಿಲ್ಟರ್‌ನ ಅನುಕೂಲ ಬಿಟ್ಟುಕೊಡಲು ನಾನು ಸಿದ್ಧನಿಲ್ಲ. ಆದರೆ ಅಂಥ ದಿನ ಕ್ಯಾಮೆರಾ ಹಿಡಿಯುವ ಮೊದಲ ಚಿತ್ರ ಆರ್ಗಾನ್ ಉರಿಯದು.