ಹಾನ್ಲೆಗೆ ಫೋಟೋ ಟೂರ್ ಹೊರಟಿದ್ದೀರಾ? ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಪಲ್ಲಾಸ್ ಕ್ಯಾಟ್ ಎಂಬ ಕಾಡುಬೆಕ್ಕಿನ ಹುಚ್ಚು ಈಗ ಬೆಂಗಳೂರಿನ ಕ್ಯಾಮೆರಾ ಮಂದಿಗೆ ಜೋರಾಗಿಯೇ ಹಿಡಿದಿದೆ. ಕಬಿನಿ, ಬಂಡೀಪುರ ಸುತ್ತಿ ಮುಗಿಸಿದವರೆಲ್ಲ ಲಡಾಖ್ ಕಡೆ ಮುಖ ಮಾಡಿದ್ದಾರೆ. ನನಗೂ ಹಿಡಿದಿತ್ತು. ಹೋದ ಜೂನ್‌ನಲ್ಲಿ ಒಂದು ಟೂರ್ ಕಂಪನಿಯ ಜೊತೆ ಲಡಾಖಿನ ಎತ್ತರದ ಬಯಲು ಸೀಮೆ ಚಾಂಗ್‌ಥಾಂಗ್‌ಗೆ ಕ್ಯಾಂಪಿಂಗ್ ಹೋಗಿದ್ದೆ. ನಮ್ಮ ಗುಂಪಿನ ಒಬ್ಬರು ಬದುಕಿ ಬಂದದ್ದು ಡ್ರೈವರ್ ಪುಣ್ಯದಿಂದ. ಕಂಪನಿಯ ಹೆಸರು ಬರೆಯುವುದಿಲ್ಲ. ಇಂಥ ವೇಳಾಪಟ್ಟಿ ಮಾರುವವರು ಅವರೊಬ್ಬರೇ ಅಲ್ಲ. ಅವರನ್ನು ಬಿಟ್ಟು ಅಂಥದ್ದೇ ಇನ್ನೊಬ್ಬರ ಹತ್ತಿರ ಹೋದರೆ ಏನು ಬಂತು? ವೇಳಾಪಟ್ಟಿಯನ್ನು ಹೇಗೆ ಓದಬೇಕು ಅಂತ ಗೊತ್ತಿದ್ದರೆ ಸಾಕು.

ನಮ್ಮದು ಹೀಗಿತ್ತು. ಬೆಳಗಿನ ವಿಮಾನಕ್ಕೆ ಲೇಹ್. ಅಲ್ಲಿ ಒಂದೇ ರಾತ್ರಿ. ಮರುದಿನ ನಸುಕಿಗೇ ಹೊರಟು ಸಂಜೆಗೆ ಆ ಸೀಮೆಯ ಹಾನ್ಲೆ ಹಳ್ಳಿ, ಅಲ್ಲೇ ಟೆಂಟ್. ಅಲ್ಲಿಂದ ಮುಂದೆ ತ್ಸೋ ಕಾರ್ ಸರೋವರ. ರಜೆ ಸಿಗದ ಐಟಿ ಮಂದಿಗೆ ಅಂತಲೇ ಹೊಲಿದ ಅಂಗಿ. ಜೊತೆಗೆ 'ಪಲ್ಲಾಸ್ ಕ್ಯಾಟ್ ಗ್ಯಾರಂಟಿ' ಎಂಬ ಮಾತು ಬೇರೆ. ಈಗ ಅನ್ನಿಸುತ್ತದೆ, ಆಮೇಲೆ ಆದ ಅನಾಹುತಗಳೆಲ್ಲ ಆ ಒಂದು ಹಾಳೆಯಲ್ಲೇ ಇದ್ದವು. ದಿನ ಉಳಿಸಬೇಕು, ಪ್ರಾಣಿ ತೋರಿಸಲೇಬೇಕು. ಇವೆರಡು ಸೇರಿದರೆ ಮನುಷ್ಯರಿಗೂ ಉಳಿಗಾಲವಿಲ್ಲ, ಪ್ರಾಣಿಗಳಿಗೂ ಇಲ್ಲ.

ಮೊದಲು ಎತ್ತರದ ಲೆಕ್ಕ. ಬೆಂಗಳೂರು ಸುಮಾರು 900 ಮೀಟರ್. ಲೇಹ್ ಸುಮಾರು 3,500. ಹಾನ್ಲೆ ಹಳ್ಳಿ 4,300ರ ಹತ್ತಿರ, ತ್ಸೋ ಕಾರ್ ಅದಕ್ಕಿಂತಲೂ ಮೇಲೆ, 4,500ರ ಆಸುಪಾಸು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಸುಮ್ನೆ ಕೂರಬೇಕು ಎಂಬುದು ಪರ್ವತ ವೈದ್ಯರ ಸಾಮಾನ್ಯ ನಿಯಮ. ವಿಮಾನದಲ್ಲಿ ಇಳಿದವರು ಆ ನಿಯಮವನ್ನು ಲೇಹ್‌ನಲ್ಲೇ ಮುರಿದಿರುತ್ತಾರೆ. ಅದಕ್ಕೇ ಅಲ್ಲಿ ಕಡಿಮೆ ಅಂದರೂ ಎರಡು ಮೂರು ದಿನ ಇರಬೇಕು. ನಮಗೆ ಸಿಕ್ಕಿದ್ದು ಒಂದು ರಾತ್ರಿ.

ಇದನ್ನು ಲೇಹ್‌ನಲ್ಲೇ ಕೇಳಿದೆವು. ನಮ್ಮ ಟೂರ್ ಲೀಡರ್ ಹತ್ತಿರ ಉತ್ತರ ರೆಡಿ ಇತ್ತು. "ಈ ದಾರಿಯಲ್ಲಿ ದೊಡ್ಡ ಪಾಸ್ ಒಂದೂ ಇಲ್ಲ, ಏನೂ ಆಗಲ್ಲ." ಪಾಸ್, ಅಂದರೆ ಬೆಟ್ಟ ಹತ್ತಿ ದಾಟುವ ಕಣಿವೆ ದಾರಿ, ಇಲ್ಲ ಅನ್ನುವುದು ನಿಜ. ಉಪ್ಶಿ, ಚುಮಾಥಾಂಗ್, ಮಾಹೆ, ನ್ಯೋಮಾ, ಲೋಮಾ ಎಂದು ರಸ್ತೆ ಸಿಂಧೂ ನದಿಯ ಪಕ್ಕದಲ್ಲೇ ಸಾಗುತ್ತದೆ. ಏರುತ್ತಿದ್ದೇವೆ ಅಂತ ಗೊತ್ತೇ ಆಗುವುದಿಲ್ಲ. ಆದರೆ ಮೈ ಲೆಕ್ಕ ಹಾಕುವುದು ರಾತ್ರಿ ಎಲ್ಲಿ ಮಲಗಿದಿರಿ ಎಂಬುದನ್ನು. ಹಾನ್ಲೆಯ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ನೂರಕ್ಕೆ ಸುಮಾರು 60 ಪಾಲು. ಗಾಡಿಯಲ್ಲಿ ಎಲ್ಲರಿಗೂ ಡಯಾಮಾಕ್ಸ್, ಅಂದರೆ ಎತ್ತರದ ಕಾಯಿಲೆ ಬಾರದಿರಲಿ ಅಂತ ಕೊಡುವ ಮಾತ್ರೆ, ಹಂಚಿದರು. ಸಲ್ಫಾ ಅಲರ್ಜಿ ಇದೆಯಾ, ಬೇರೆ ಮಾತ್ರೆ ತಗೊಳ್ತೀರಾ ಅಂತ ಒಬ್ಬರನ್ನೂ ಕೇಳಲಿಲ್ಲ. ಅದನ್ನು ಊರಲ್ಲೇ ನಿಮ್ಮ ವೈದ್ಯರನ್ನು ಕೇಳಿ ನಿರ್ಧರಿಸಬೇಕು.

ಹಾನ್ಲೆಯ ಗುಡ್ಡದ ಮೇಲೆ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ ಎರಡು ಮೀಟರ್‌ನ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ. ವಿಜ್ಞಾನಿಗಳು ಬುದ್ಧಿವಂತರು ಬಿಡಿ.

ಲೋಮಾ ದಾಟುವಾಗ ಬೆಳಕು ಇಳಿಯುತ್ತಿತ್ತು. ದೂರದ ಬಯಲಿನಲ್ಲಿ ಕಿಯಾಂಗ್ ಹಿಂಡು, ಅಂದರೆ ಟಿಬೆಟಿನ ಕಾಡುಕತ್ತೆಗಳು, ಮೇಯುತ್ತಿದ್ದವು. ವೇಳಾಪಟ್ಟಿಯಲ್ಲಿ ಕಿಯಾಂಗ್‌ಗೆ ಬೇರೆ ಸಮಯವಿಲ್ಲ. ಇದೇ ಅವಕಾಶ. ರಸ್ತೆ ಬಿಟ್ಟು ಗಾಡಿ ಇಳಿಸಿ, ಓಡುವ ಶಾಟ್ ಬೇಕು ಅಂದರು ಲೀಡರ್. ನಮ್ಮ ಡ್ರೈವರ್ ನ್ಯೋಮಾ ಕಡೆಯ ಹಿರಿಯರು, ಅಚೋ ಅಂತ ಕರೆಯುತ್ತಿದ್ದೆವು. ಲಡಾಖಿಯಲ್ಲಿ ಅಣ್ಣ. ಅವರು ಒಪ್ಪಲಿಲ್ಲ. "ಈ ಹುಲ್ಲಿನ ಮೇಲೆ ಟೈರ್ ಹತ್ತಿಸಿದರೆ ವರ್ಷಗಟ್ಟಲೆ ಗುರುತು ಹೋಗಲ್ಲ ಸಾಬ್. ನಮ್ಮ ಆಡುಗಳು ತಿನ್ನೋದೂ ಇದನ್ನೇ" ಅಂದರು. ಹಿಂದಿನ ಗಾಡಿಯ ಹುಡುಗ ಕಂಪನಿಯ ಸಂಬಳದವನು. ಅವನಿಗೆ ಇಲ್ಲ ಅನ್ನಲು ಆಗಲಿಲ್ಲ.

ಕಿಯಾಂಗ್‌ಗಳಿಗೆ ಒಂದು ಅಭ್ಯಾಸವಿದೆ. ಗಾಡಿ ಬಂದರೆ ದೂರ ಓಡುವ ಬದಲು ಎಷ್ಟೋ ಸಲ ಅದರ ಪಕ್ಕದಲ್ಲೇ ಸಮನಾಗಿ ಓಡಿ, ಕೊನೆಗೆ ಮುಂದಿನಿಂದ ಅಡ್ಡ ಹಾಯುತ್ತವೆ. ನೋಡುವವರಿಗೆ ರೇಸ್ ಆಡುತ್ತಿವೆ ಅನ್ನಿಸಬಹುದು. ಅದು ಆಟವಲ್ಲ. ಜೂನ್ ಅಂದರೆ ಚಳಿಗಾಲ ಕಳೆದು ಹುಲ್ಲು ಈಗಷ್ಟೇ ಚಿಗುರುವ ಕಾಲ. ಮರಿ ಹಾಕುವುದು ಜುಲೈ, ಆಗಸ್ಟ್‌ನಲ್ಲಿ. ಅಂದರೆ ಆ ಹಿಂಡಿನ ಹೆಣ್ಣುಗಳು ತುಂಬಿದ ಗಬ್ಬ. ಧೂಳೆಬ್ಬಿಸಿ ಓಡಿಸಿದ್ದು ಅವುಗಳನ್ನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಅಂದರೆ ಏನು ಎಂಬ ವಿವರಣೆಯೊಳಗೆ ಕೊಲ್ಲುವುದಷ್ಟೇ ಅಲ್ಲ, ಪ್ರಾಣಿಯನ್ನು ಅಟ್ಟುವುದು, ಆಮಿಷ ಒಡ್ಡುವುದೂ ಇದೆ. ಗಾಡಿಯಲ್ಲಿ ಕ್ಯಾಮೆರಾ ಹಿಡಿದು ಕೂತವರು ನಾವು ಬರೀ ಗಿರಾಕಿಗಳು ಅಂದುಕೊಂಡರೆ ಆಗಲ್ಲ.

ರಾತ್ರಿಯ ಕ್ಯಾಂಪ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಹಳ್ಳಿಯಲ್ಲಿ ಬೆಚ್ಚಗಿನ ಹೋಮ್‌ಸ್ಟೇಗಳಿದ್ದವು. ನಮ್ಮದು ಗಾಳಿಗೆ ಬಡಿದುಕೊಳ್ಳುವ ತೆಳ್ಳನೆಯ ಟೆಂಟ್. ಆ ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ಅಡುಗೆಯವನು ಕುಕ್ಕರ್ ತಂದಿರಲಿಲ್ಲ. ಊಟ ಮುಗಿಸಿ ಲೀಡರ್ ದೊಡ್ಡ ಸರ್ಚ್‌ಲೈಟ್ ಹಿಡಿದು ಬಂಡೆಗಳ ಮೇಲೆ ಬೆಕ್ಕು ಹುಡುಕಲು ಹೊರಟರು. ಹಾನ್ಲೆ 2022ರಲ್ಲಿ ಡಾರ್ಕ್ ಸ್ಕೈ ರಿಸರ್ವ್ ಅಂತ ಘೋಷಣೆಯಾದ ಜಾಗ. ಊರವರು ಮನೆಯ ಕಿಟಕಿಗೆ ದಪ್ಪ ಪರದೆ ಹಾಕಿ ಬೆಳಕು ಹೊರಗೆ ಹೋಗದಂತೆ ನೋಡಿಕೊಳ್ಳುತ್ತಾರೆ. ಅವರ ಕಣ್ಣೆದುರಿಗೇ ಇದು.

ಬೆಳಿಗ್ಗೆ ಪಲ್ಲಾಸ್ ಕ್ಯಾಟ್ ಸಿಕ್ಕಿತು. ಬಂಡೆ ಸಂದಿಯಲ್ಲಿ ಗೂಡು, ಒಳಗೆ ಮರಿಗಳು. ಎದುರಿಗೆ ನಮ್ಮದೂ ಸೇರಿ ಏಳೆಂಟು ಗಾಡಿ, ಟ್ರೈಪಾಡ್‌ಗಳ ಸಾಲು. ಈ ಬೆಕ್ಕಿನ ಕಾಲು ಗಿಡ್ಡ, ಓಟದಲ್ಲಿ ಅಷ್ಟಕ್ಕಷ್ಟೆ. ಹೆದರಿದರೆ ನೆಲಕ್ಕೆ ಅಂಟಿಕೊಂಡು ಕಲ್ಲಿನಂತೆ ಕೂತುಬಿಡುತ್ತದೆ. ಬೂದು ಬಣ್ಣ, ಬಂಡೆಯಲ್ಲಿ ಕರಗಿಹೋಗುತ್ತದೆ. ಫೋಟೋದವರು ಅದನ್ನು ನೋಡಿ "ಎಷ್ಟು ಆರಾಮಾಗಿ ಪೋಸ್ ಕೊಡ್ತಿದೆ" ಅನ್ನುತ್ತಾರೆ. ಆರಾಮಲ್ಲ ಸ್ವಾಮಿ, ಅದು ಭಯ. ಕಣ್ಣು ಮಿಟುಕಿಸದೆ ಕಿವಿ ಚಪ್ಪಟೆ ಮಾಡಿ ಕೂತ ಬೆಕ್ಕಿನ ಫೋಟೋ ನೋಡಿದರೆ ಇನ್ನು ಮುಂದೆ ಎದುರಿಗೆ ಎಷ್ಟು ಜನ ನಿಂತಿದ್ದರು ಅಂತ ಯೋಚಿಸಿ.

ತಾಯಿ ಬೇಟೆಯಾಡುವುದು ಹೆಚ್ಚಾಗಿ ಪೈಕಾಗಳನ್ನು. ನೋಡಲು ಬಾಲವಿಲ್ಲದ ದಪ್ಪ ಇಲಿ, ಆದರೆ ಮೊಲದ ಬಳಗ. ತಾಯಿ ಬೇಟೆಗೆ ಹೊರಡುವುದು ಮುಂಜಾನೆ, ಮುಸ್ಸಂಜೆ. ನಮಗೆ ಒಳ್ಳೆಯ ಬೆಳಕು ಸಿಗುವುದೂ ಆಗಲೇ. ಅಂದರೆ ನಾವು ಟ್ರೈಪಾಡ್ ಊರಿ ಕೂತಷ್ಟು ಹೊತ್ತು ಮರಿಗಳಿಗೆ ಊಟವಿಲ್ಲ. ಆ ದಿನ ತಾಯಿ ಎರಡು ಸಲ ಹೊರಗೆ ಬಂದು ಮತ್ತೆ ಒಳಗೆ ಹೋಯಿತು. ಲೀಡರ್ ಒಬ್ಬ ಹುಡುಗನನ್ನು ಬಂಡೆಯ ಹಿಂದಿನಿಂದ ಹತ್ತಿಸಿ ಸದ್ದು ಮಾಡಿಸಿದರು, ಮುಖ ಈ ಕಡೆ ತಿರುಗಲಿ ಅಂತ. ನಾನೂ ಇನ್ನಿಬ್ಬರೂ ಕ್ಯಾಮೆರಾ ಚೀಲಕ್ಕೆ ಹಾಕಿ ಗಾಡಿ ಹತ್ತಿದೆವು. "ನಿಮಗೇ ಲಾಸ್" ಅಂದರು.

ಇಷ್ಟೆಲ್ಲ ಮಾಡಿ ಸಿಕ್ಕಿದ ಫೋಟೋಗಳಾದರೂ ಚೆನ್ನಾಗಿದ್ದವಾ? ಅದೂ ಇಲ್ಲ. ಬಿಸಿಲು ಏರಿದ ಮೇಲೆ ಆ ಬಯಲಿನ ನೆಲದಿಂದ ಬಿಸಿಗಾಳಿ ಅಲೆ ಏಳುತ್ತದೆ. 600 ಎಂಎಂ ಲೆನ್ಸ್ ಇದ್ದರೂ ದೂರದ ಪ್ರಾಣಿ ನೀರಿನೊಳಗೆ ಇದ್ದಂತೆ ಕದಡಿ ಬರುತ್ತದೆ. ಫೋಕಸ್ ತಪ್ಪಿತು, ಲೆನ್ಸ್ ಕೆಟ್ಟಿತು ಅಂದುಕೊಳ್ಳುತ್ತಾರೆ. ಹೀಟರ್ ಹಾಕಿದ ಗಾಡಿಯ ಕಿಟಕಿ ಇಳಿಸಿ ತೆಗೆದರೂ ಅದೇ ಕಥೆ, ಒಳಗಿನ ಬಿಸಿಗಾಳಿ ಹೊರಗಿನ ತಣ್ಣನೆಯದಕ್ಕೆ ಸೇರುವ ಜಾಗದಲ್ಲೇ ಲೆನ್ಸ್ ಇರುತ್ತದೆ. ಇದಕ್ಕೆ ಮದ್ದು ಹತ್ತಿರ ನುಗ್ಗುವುದಲ್ಲ. ಬೆಳಗಿನ ತಂಪಿನಲ್ಲಿ ದೂರದಲ್ಲಿ ಕೂತು, ಪ್ರಾಣಿ ತಾನಾಗಿ ಬರುವವರೆಗೆ ಕಾಯುವುದು. ಕಾಯಲು ದಿನ ಬೇಕು. ನಮ್ಮ ಹಾಳೆಯಲ್ಲಿ ದಿನವೇ ಇರಲಿಲ್ಲ.

ಎರಡನೇ ರಾತ್ರಿ ಅಂಕಲ್‌ಗೆ ಆದದ್ದನ್ನು ಮಾತ್ರ ಎಲ್ಲರೂ ತಿಳಿದಿರಬೇಕು. ಮೈಸೂರಿನ ನಿವೃತ್ತರು, ನಮಗಿಂತ ಚುರುಕಾಗಿ ನಡೆಯುವವರು. ಹಿಂದಿನ ದಿನದಿಂದಲೇ ತಲೆನೋವು, ಊಟ ಬೇಡ. "ಇಲ್ಲಿ ಎಲ್ಲರಿಗೂ ಹಂಗೇ, ಬೆಳ್ಳುಳ್ಳಿ ಸೂಪ್ ಕುಡೀರಿ" ಎಂದುಬಿಟ್ಟರು ಲೀಡರ್. ರಾತ್ರಿ ಎರಡು ಸಲ ವಾಂತಿಯಾಯಿತು. ಟೆಂಟಿನ ಜಿಪ್ ಯಾವ ಕಡೆ ಎಳೆಯಬೇಕು ಅಂತ ಅವರಿಗೆ ಹೊಳೆಯಲಿಲ್ಲ. ಗಾಬರಿಯಾಗಿದ್ದು ಅದನ್ನು ನೋಡಿ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತಾ ನೇರ ಗೆರೆಯಲ್ಲಿ ನಡೆಯಲು ಹೇಳಿದೆವು. ಮೂರನೇ ಹೆಜ್ಜೆಗೇ ಅಡ್ಡ ಬಿದ್ದರು. ಕುಡಿದವರಂತೆ ತೂರಾಡುವುದು, ಗೊಂದಲದ ಮಾತು, ಇವು ಮೆದುಳಿನಲ್ಲಿ ಊತ ಶುರುವಾಗಿರುವ ಲಕ್ಷಣ. ಕಾದರೆ ಪ್ರಾಣ ಹೋಗುತ್ತದೆ. ಕೂತಲ್ಲೇ ಏದುಸಿರು, ಗೊರಗೊರ ಕೆಮ್ಮು ಬಂದರೆ ಅದು ಶ್ವಾಸಕೋಶದ್ದು, ಅದಕ್ಕೂ ಇದೇ ಆತುರ. ತಕ್ಷಣ ಆಕ್ಸಿಜನ್ ಕೊಡಬೇಕು, ಕೆಳಗೆ ಇಳಿಸಬೇಕು.

ಆಕ್ಸಿಜನ್ ಕೇಳಿದರೆ ಕೊಟ್ಟದ್ದು ಡಿಯೋಡರೆಂಟ್ ಡಬ್ಬದಷ್ಟಿದ್ದ ಒಂದು ಕ್ಯಾನ್. ಕೆಲವು ನಿಮಿಷಕ್ಕೆ ಖಾಲಿ. 'ಆಕ್ಸಿಜನ್ ಇದೆ' ಅಂದಾಗ ಸಿಲಿಂಡರಾ, ಕ್ಯಾನಾ ಅಂತ ಕೇಳಿಕೊಳ್ಳಿ. ಲೀಡರ್ ಬೆಳಗಾಗಲಿ ಅಂದರು. ಅಚೋ ಲೀಡರ್ ಮಾತಿಗೆ ಕಾಯದೆ ಗಾಡಿ ಸ್ಟಾರ್ಟ್ ಮಾಡಿದರು.

ಇಲ್ಲಿ ಇನ್ನೊಂದು ವಿಷಯ. ಬೇರೆ ಬೆಟ್ಟಗಳಲ್ಲಿ ಎರಡು ತಾಸು ಇಳಿದರೆ ಸಾವಿರ ಮೀಟರ್ ಕೆಳಗೆ ಸಿಗುತ್ತದೆ. ಚಾಂಗ್‌ಥಾಂಗ್ ಪ್ರಸ್ಥಭೂಮಿ, ಇಳಿಯಲು ಜಾಗವೇ ಇಲ್ಲ. ನ್ಯೋಮಾಕ್ಕೆ ಬಂದರೂ 4,000 ಮೀಟರ್‌ಗಿಂತ ಮೇಲೆಯೇ ಇರುತ್ತೀರಿ. ಹಾನ್ಲೆಯಿಂದ ಲೇಹ್ ಇನ್ನೂರೈವತ್ತು ಕಿಲೋಮೀಟರ್ ದೂರ. ನ್ಯೋಮಾದ ಆರೋಗ್ಯ ಕೇಂದ್ರದಲ್ಲಿ ಎಬ್ಬಿಸಿದ ಕೂಡಲೇ ಬಂದು ಆಕ್ಸಿಜನ್ ಹಾಕಿ, ಇಂಜೆಕ್ಷನ್ ಕೊಟ್ಟು ಮುಂದಕ್ಕೆ ಕಳಿಸಿದರು. ಬೆಳಿಗ್ಗೆ ಲೇಹ್ ಆಸ್ಪತ್ರೆಗೆ ಸೇರಿಸಿದೆವು. ಅಂಕಲ್ ಈಗ ಆರಾಮಾಗಿದ್ದಾರೆ. ಆ ರಾತ್ರಿಯ ನೆನಪೇ ಅವರಿಗಿಲ್ಲ.

ಉಳಿದವರು ತ್ಸೋ ಕಾರ್‌ಗೆ ಹೋದರು. ವಾಟ್ಸಾಪ್ ಗುಂಪಿನಲ್ಲಿ ಬಂದ ಫೋಟೋ ನೋಡಿದೆ. ಪಕ್ಕದ ಸಿಹಿನೀರಿನ ಸ್ಟಾರ್ಟ್ಸಪುಕ್ ಕೆರೆಯ ಜೌಗಿನಲ್ಲಿ ಬ್ಲ್ಯಾಕ್ ನೆಕ್ಡ್ ಕ್ರೇನ್ ಗೂಡು, ಎರಡು ಮೊಟ್ಟೆ, ಹಕ್ಕಿ ಇಲ್ಲ. ಕಾವು ಬಿಟ್ಟು ಹಕ್ಕಿ ಎದ್ದರೆ ಮೊಟ್ಟೆಗೆ ಚಳಿ, ಜೊತೆಗೆ ಬೀದಿನಾಯಿಗಳ ಕಾಟ. ಲಡಾಖಿನ ರಾಜ್ಯಪಕ್ಷಿ ಅದು. ಆ ಫೋಟೋಗೆ ಲೈಕ್ ಕೊಟ್ಟವರೇ ಜಾಸ್ತಿ.

ಹೋಗಬೇಡಿ ಅನ್ನುತ್ತಿಲ್ಲ, ನಾನೇ ಮತ್ತೆ ಹೋಗುವವನು. ಲೇಹ್‌ನಲ್ಲಿ ಮೂರು ರಾತ್ರಿ ಇಲ್ಲದ ಟೂರ್ ಬೇಡ. ಪ್ರಾಣಿ ಗ್ಯಾರಂಟಿ ಅಂದವರ ಸಹವಾಸವೇ ಬೇಡ. ಗೈಡ್ ಹಾನ್ಲೆಯವರೇ ಇದ್ದರೆ ಒಳ್ಳೆಯದು, ಮುಂದಿನ ವರ್ಷವೂ ಆ ಬೆಕ್ಕು ಅಲ್ಲೇ ಇರಬೇಕು ಅಂತ ಅವರಿಗಿರುತ್ತದೆ. ಹೊರಗಿನ ಪ್ರಿಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಇರಲಿ. ಸಿಗ್ನಲ್ ಇಲ್ಲ ಅಂತ ವಿದೇಶದಿಂದ ತರಿಸಿದ ಸ್ಯಾಟಲೈಟ್ ಮೆಸೆಂಜರ್ ಒಯ್ಯಬೇಡಿ. ಪರವಾನಗಿ ಇಲ್ಲದೆ ನಮ್ಮ ದೇಶದಲ್ಲಿ ಅದು ಅಪರಾಧ, ಅದೂ ಗಡಿಯ ಹತ್ತಿರ.

ಇವನ್ನೆಲ್ಲ ಫೋನಿನಲ್ಲಿ ಕೇಳಬೇಡಿ, ವಾಟ್ಸಾಪ್‌ನಲ್ಲಿ ಬರೆದು ಕೇಳಿ, ಉತ್ತರವನ್ನೂ ಬರೆಸಿಕೊಳ್ಳಿ. ನಮಗೆ ಆಕ್ಸಿಜನ್ ಸಿಲಿಂಡರ್ ಅಂತ ಹೇಳಿದ್ದು ಫೋನಿನಲ್ಲಿ. ಅಂಕಲ್ ಮಗಳು ದುಡ್ಡು ವಾಪಸ್ ಕೇಳಿದಾಗ "ನಾವು ಹಾಗೆ ಹೇಳಿಯೇ ಇಲ್ಲ" ಎಂಬ ಉತ್ತರ ಬಂದಿದೆ. ಗ್ರಾಹಕರ ಆಯೋಗಕ್ಕೆ ದೂರು ಬರೆಯಲು ಕೂತಾಗ ನಮ್ಮ ಕೈಯಲ್ಲಿರುವುದು ಆ ವೇಳಾಪಟ್ಟಿಯ ಹಾಳೆ, ದುಡ್ಡು ಕಟ್ಟಿದ ರಸೀದಿ, ಆಸ್ಪತ್ರೆಯ ಚೀಟಿ, ಇಷ್ಟೇ.