ಸಲೂನಿಗೆ ಯಾವ ಪೇಪರ್? ಮೂರು ಮುಖಪುಟಗಳ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ. ಕೋಲಾರದ ಡೂಂಲೈಟ್ ಸರ್ಕಲ್ ಹತ್ತಿರದ ನನ್ನ ಸಲೂನಿಗೆ ಈಗ ಬರುವುದು ಹಳೇ ಕಾಲದ ಒಂದು ದಿನಪತ್ರಿಕೆ, ಅದನ್ನು 'ಹಳೇ ಪತ್ರಿಕೆ' ಅನ್ನೋಣ. ಅದೇ ಮುಂದುವರಿಯುತ್ತದೆ. ಕಳೆದ ವರ್ಷ ಒಂದು ಸ್ಕೀಮ್ ಇತ್ತು ಅಂತ ಬಣ್ಣದ ಪತ್ರಿಕೆ ಹಾಕಿಸಿದ್ದೆ. ಜಿಲ್ಲೆಯ ಪುಟ್ಟ ಪತ್ರಿಕೆಯೂ ಜೊತೆಗೆ ಬರುತ್ತಿತ್ತು. ಹೆಸರು ಬೇಡ. ಪೇಪರ್ ಓದುವವರಿಗೆ ಇಷ್ಟು ಹೇಳಿದರೆ ಸಾಕು.

ಸಲೂನಿಗೆ ಯಾರೂ ಪೇಪರ್ ಓದಲು ಬರುವುದಿಲ್ಲ. ತಮ್ಮ ಸರದಿ ಬರುವವರೆಗೆ ಸುಮ್ನೆ ಕೂರಲಾಗದೆ ಎತ್ತಿಕೊಳ್ಳುತ್ತಾರೆ. ಟೀಪಾಯಿ ಮೇಲೆ ಮಡಚಿಟ್ಟಾಗ ಕಾಣುವುದು ಮೇಲಿನ ಅರ್ಧ ಮಾತ್ರ. ಕೈ ಯಾವುದರ ಕಡೆ ಹೋಗಬೇಕು ಅನ್ನುವುದು ಅಲ್ಲೇ ತೀರ್ಮಾನ. ಮುಖ್ಯ ಸುದ್ದಿ, ದೊಡ್ಡ ಫೋಟೊ ಎರಡನ್ನೂ ಮಡಿಕೆಯ ಮೇಲೆಯೇ ಕೂರಿಸುವುದು ಇದಕ್ಕೇ.

ಈ ಲೆಕ್ಕದಲ್ಲಿ ಬಣ್ಣದ ಪತ್ರಿಕೆಗೆ ಸೋಲಿಲ್ಲ. ಕ್ರಿಕೆಟ್ ಆಟಗಾರನ ತಲೆ ಪತ್ರಿಕೆಯ ಹೆಸರಿನ ಮೇಲೇ ಹತ್ತಿ ನಿಂತಿರುತ್ತದೆ. ಹೆಡ್‌ಲೈನಲ್ಲಿ ಒಂದು ಪನ್ ಗ್ಯಾರಂಟಿ. ಹುಡುಗರು ಜೋರಾಗಿ ಓದಿ ನಗುತ್ತಾರೆ. ಆಮೇಲೆ ಕೆಳಗಿಟ್ಟು ಮೊಬೈಲ್ ತೆಗೆಯುತ್ತಾರೆ. ಒಳಗಿನ ಪುಟ ತಿರುಗಿಸಿದವರು ಕಡಿಮೆ.

ನನ್ನ ತಕರಾರು ಅದಲ್ಲ. ಜಾಕೆಟ್ ಜಾಹೀರಾತು! ಯುಗಾದಿ, ಅಕ್ಷಯ ತೃತೀಯ, ದೀಪಾವಳಿ ಬಂದರೆ ಮುಖಪುಟವೇ ಇರುವುದಿಲ್ಲ. ಮೇಲೆ ಪತ್ರಿಕೆಯ ಹೆಸರು, ಕೆಳಗೆ ಪೂರ್ತಿ ಒಡವೆ ಅಂಗಡಿ. ತಿರುಗಿಸಿದರೆ ಸೈಟು, ಅಪಾರ್ಟ್‌ಮೆಂಟು. ಅದನ್ನೂ ದಾಟಿದರೆ ಇನ್ನೊಂದು ಸಲ ಪತ್ರಿಕೆಯ ಹೆಸರು, ಆಗ ಸುದ್ದಿ. ವಯಸ್ಸಾದ ಗಿರಾಕಿಯೊಬ್ಬರು ಅದನ್ನು ಕೈಯಲ್ಲಿ ಹಿಡಿದುಕೊಂಡೇ 'ಇವತ್ತು ಪೇಪರ್ ಬಂದಿಲ್ವೇನಪ್ಪಾ' ಅಂತ ಕೇಳಿದ್ದರು.

ಅದಕ್ಕಿಂತ ಹಿಂಸೆ ಅರ್ಧ ಹಾಳೆಯದು. ಮುಖಪುಟದ ಅರ್ಧ ಅಗಲವನ್ನು ಮುಚ್ಚಿಕೊಂಡು ಬರುತ್ತದಲ್ಲ, ಅದು. ಮುಖ್ಯ ಸುದ್ದಿಯ ತಲೆಬರಹ ಅರ್ಧ ಇತ್ತ, ಅರ್ಧ ಅದರ ಅಡಿಯಲ್ಲಿ. ಫ್ಯಾನ್ ಹಾಕಿದರೆ ಪಟಪಟ ಹೊಡೆದುಕೊಳ್ಳುತ್ತದೆ. ಕಿತ್ತು ಹಾಕೋಣ ಅಂದರೆ ಅದರ ಬೆನ್ನಿಗೆ ಕೊನೇ ಪುಟ ಅಂಟಿಕೊಂಡಿರುತ್ತದೆ. ಎರಡೂ ಒಂದೇ ಹಾಳೆ. ಎಳೆದರೆ ಕ್ರೀಡಾ ಸುದ್ದಿಯೂ ಕೈಗೆ ಬರುತ್ತದೆ. ಒಂದು ಸಲ ಹಾಗೆ ಹಾರಿಹೋದದ್ದು ಕೂದಲು, ನೀರು ಇದ್ದ ನೆಲಕ್ಕೇ ಬಿತ್ತು. ಸ್ಕೋರ್ ನೋಡಬೇಕಿದ್ದವನು ನನ್ನ ಮೇಲೆ ಮುನಿಸಿಕೊಂಡ.

ಮುಖಪುಟದಲ್ಲಿ ಜಾಹೀರಾತು ಹೊಸದೇನಲ್ಲ, ಗೊತ್ತು. ಮದ್ರಾಸಿನ 'ದಿ ಹಿಂದೂ' 1958ರವರೆಗೂ, ಲಂಡನ್ನಿನ 'ದಿ ಟೈಮ್ಸ್' 1966ರವರೆಗೂ ಮೊದಲ ಪುಟವನ್ನು ಜಾಹೀರಾತಿಗೇ ಬಿಟ್ಟಿದ್ದವು. ಆದರೆ ಆಗ ಎಲ್ಲ ದಿನವೂ ಹಾಗೇ ಇರುತ್ತಿತ್ತು, ಸುದ್ದಿ ಒಳಗಿದೆ ಅಂತ ಓದುವವನಿಗೆ ಗೊತ್ತಿತ್ತು. ಇಲ್ಲಿ ಇವತ್ತು ಒಂದು ಥರ, ನಾಳೆ ಇನ್ನೊಂದು ಥರ.

ಕತ್ತರಿ ಹಿಡಿಯುವ ಮುಂಚೆ ನಾನು ಪ್ರೆಸ್ಸೊಂದರಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ ಕೆಲಸ, ಮಾಡುತ್ತಿದ್ದವನು. ಹಾಗಾಗಿ ಅಕ್ಷರದ ಕಡೆ ಕಣ್ಣು ಜಾಸ್ತಿ. ಕನ್ನಡಕ್ಕೆ ಇಂಗ್ಲಿಷಿನ ಹಾಗೆ ಕ್ಯಾಪಿಟಲ್ ಅಕ್ಷರ ಇಲ್ಲ. ಎದ್ದು ಕಾಣಿಸಬೇಕಾದರೆ ಗಾತ್ರ, ದಪ್ಪ, ಬಣ್ಣ ಇಷ್ಟೇ ದಾರಿ. ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ಎರಡು ಸಾಲನ್ನು ಹತ್ತಿರ ತಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ಬಡಿಯುತ್ತದೆ. ಬಣ್ಣದ ಪತ್ರಿಕೆ ಕೆಂಪು ಪಟ್ಟಿಯಲ್ಲಿ ಬಿಳಿ ಅಕ್ಷರ ಹಾಕುತ್ತದೆ. ಅಲ್ಲಿ ಸಣ್ಣ ಒತ್ತುಗಳಿಗೆ ಇಂಕು ತುಂಬಿ ಅರ್ಧ ಕಾಣುವುದೇ ಇಲ್ಲ.

ಹಳೇ ಪತ್ರಿಕೆ ಈ ವಿಷಯದಲ್ಲಿ ಜಾಣ. ಒಂದೇ ಮುಖ್ಯ ಸುದ್ದಿ, ಚಿಕ್ಕ ಪದಗಳ ತಲೆಬರಹ, ಸಾಲುಗಳ ನಡುವೆ ಉಸಿರಾಡುವಷ್ಟು ಜಾಗ. ಒಂದು ದೊಡ್ಡ ಫೋಟೊ. ಕಣ್ಣು ಮೊದಲು ಅಲ್ಲಿಗೆ ಹೋಗಿ, ಆಮೇಲೆ ತಾನಾಗಿ ತಲೆಬರಹಕ್ಕೆ ಬರುತ್ತದೆ. ಕನ್ನಡಕ ಮರೆತು ಬಂದವರೂ ದೊಡ್ಡ ಸಾಲನ್ನು ಓದಿಕೊಳ್ಳುತ್ತಾರೆ. ಇದೂ ಜಾಹೀರಾತು ಹಾಕುತ್ತದೆ, ನನಗೆ ಬರುವುದರಲ್ಲಿ ಹೆಚ್ಚಾಗಿ ಪುಟದ ಬುಡದಲ್ಲಿ. ಮೊದಲಿಗೆ ಎತ್ತಿಕೊಳ್ಳುವವರು ಕಡಿಮೆ ನಿಜ. ಎತ್ತಿಕೊಂಡವರು ಮಾತ್ರ ಬೇಗ ಕೆಳಗಿಡುವುದಿಲ್ಲ.

ಜಿಲ್ಲೆಯ ಪತ್ರಿಕೆಯ ವಿನ್ಯಾಸ ನೋಡುವ ಹಾಗಿಲ್ಲ. ಅಚ್ಚಿನ ನಾಲ್ಕು ಬಣ್ಣದ ಪ್ಲೇಟು ಒಂದರ ಮೇಲೊಂದು ಸರಿಯಾಗಿ ಕೂರದೆ ಶಾಸಕರಿಗೆ ಎರಡೆರಡು ಮೂಗು. ಆದರೆ ಮೇಲಿನ ಮೂಲೆಯಲ್ಲಿ ಎಪಿಎಂಸಿ ಟೊಮೆಟೊ ರೇಟು, 15 ಕೆ.ಜಿ. ಬಾಕ್ಸಿಗೆ ಇಷ್ಟು ಅಂತ. ತೋಟದಿಂದ ಬಂದವರಿಗೆ ಬೇರೆ ಯಾವ ಡಿಸೈನೂ ಬೇಕಿಲ್ಲ.

ನನ್ನ ಬಜೆಟ್ ತಿಂಗಳಿಗೆ ಒಂದೇ ಪೇಪರ್. ಅಂಗಡಿ ತೆರೆದು ಮೊದಲ ಗಿರಾಕಿ ಬರುವ ಮುಂಚೆ ಕಾಲು ಗಂಟೆ ನಾನೂ ಓದಬೇಕು. ಮರುದಿನ ಅದೇ ಪೇಪರ್ ತುಂಡು ಮಾಡಿ ಶೇವಿಂಗ್ ನೊರೆ ಒರೆಸಬೇಕು. ಜಾಕೆಟ್ಟಿನ ನುಣುಪು ಹಾಳೆ ನೊರೆ ಹೀರುವುದೂ ಇಲ್ಲ, ಅದಕ್ಕೂ ಉಪಯೋಗವಿಲ್ಲ. ಹಾಗಾಗಿ ಹಳೇದೇ ಸರಿ. ಟೊಮೆಟೊ ಸೀಸನ್‌ನಲ್ಲಿ ಮಾತ್ರ ಜಿಲ್ಲೆಯದನ್ನು ಬಸ್ ಸ್ಟ್ಯಾಂಡಿನಿಂದ ಬಿಡಿಯಾಗಿ ತರುತ್ತೇನೆ, ಇಲ್ಲದಿದ್ದರೆ ರೈತರು ನನ್ನನ್ನೇ ರೇಟು ಕೇಳುತ್ತಾರೆ.