ಪೆಂಟ್ಯಾಕ್ಸ್ ಪಪಿಲಿಯೋ 2 (6.5×21): ಬೇಸಿಗೆ ಬಿಸಿಲಲ್ಲಿ ಹುಳ ನೋಡೋರಿಗೆ

ಬರೀ ಹಕ್ಕಿ ನೋಡೋರು ಈ ಬೈನಾಕ್ಯುಲರ್ ತಗೋಬೇಡಿ, ಮೊದಲೇ ಹೇಳ್ಬಿಡ್ತೀನಿ. ದೂರದ ಮರದ ತುದೀಲಿ ಕೂತ ಹದ್ದಿಗೆ 8×42 ನೇ ಸರಿ (8 ಪಟ್ಟು ದೊಡ್ಡದಾಗಿ ತೋರ್ಸುತ್ತೆ, ಮುಂದಿನ ಲೆನ್ಸು 42 ಮಿ.ಮೀ. ಅಗಲ ಅಂತ ಅರ್ಥ). ಆದ್ರೆ ಏಪ್ರಿಲ್ ಮೇನಲ್ಲಿ ಬಿಸಿಲೇರಿದ ಮೇಲೆ ಹಕ್ಕಿಗಳು ನೆರಳು ಸೇರ್ಕೊಂಡು ಸುಮ್ನಾಗ್ತವಲ್ಲ, ಆಗ ಕೆರೆ ದಂಡೇಲಿ ಏರೋಪ್ಲೇನ್ ಚಿಟ್ಟೆಗಳ (ಡ್ರ್ಯಾಗನ್‌ಫ್ಲೈ) ಡ್ಯೂಟಿ ಶುರು, ಅವನ್ನ ನೋಡೋಕೆ ಇದಕ್ಕಿಂತ ಒಳ್ಳೇ ಬೈನಾಕ್ಯುಲರ್ ನಾನಂತೂ ಕಂಡಿಲ್ಲ.

ಮಾಮೂಲಿ ಬೈನಾಕ್ಯುಲರಲ್ಲಿ ಎರಡು ಮೂರು ಮೀಟರಿಗಿಂತ ಹತ್ರ ಇರೋದು ಫೋಕಸ್ಸೇ ಆಗಲ್ಲ, ಇದರಲ್ಲಿ 50 ಸೆಂ.ಮೀ. ತನಕ ಆಗುತ್ತೆ. ಹತ್ರಕ್ಕೆ ಫೋಕಸ್ ಮಾಡ್ತಾ ಹೋದಂಗೆ ಮುಂದಿನ ಲೆನ್ಸುಗಳು ಒಳಗೇ ಒಂದರ ಕಡೆ ಒಂದು ಸರಿಯುತ್ವೆ, ಅದಕ್ಕೇ ಎರಡೆರಡು ಚಿತ್ರ ಕಾಣದೆ ಒಂದೇ ಕಾಣೋದು.

ಮೈಸೂರಿನ ಕುಕ್ಕರಹಳ್ಳಿ ಕೆರೆ ಹತ್ರ ಕ್ರಿಮ್ಸನ್ ಮಾರ್ಷ್ ಗ್ಲೈಡರ್ ಅನ್ನೋ ಏರೋಪ್ಲೇನ್ ಚಿಟ್ಟೆಯ ಗಂಡನ್ನ ಇದರಲ್ಲಿ ನೋಡ್ಬೇಕು ನೀವು! ಕೆಂಪು ಗುಲಾಬಿ ಮೈ ಬರಿಗಣ್ಣಿಗೂ ಕಾಣುತ್ತೆ ಬಿಡಿ, ಆದ್ರೆ ರೆಕ್ಕೆ ಬುಡದ ಜೇನುಬಣ್ಣದ ಮಚ್ಚೆ, ರೆಕ್ಕೆ ತುಂಬ ಇರೋ ಕೆಂಪು ನರ, ಇದೆಲ್ಲ ಕಾಣ್ಸೋದು ಇದರಲ್ಲೇ. ಮಧ್ಯಾಹ್ನ ಆಗ್ತಿದ್ದಂಗೆ ಬಾಲ ಎತ್ತಿ ಸೂರ್ಯನ ಕಡೆ ನೆಟ್ಟಗೆ ನಿಲ್ಲಿಸ್ಕೊಂಡು ಕೂರುತ್ತೆ, ಮೈಮೇಲೆ ಬಿಸಿಲು ಕಮ್ಮಿ ಬೀಳ್ಲಿ ಅಂತ. ಹಾರಿದ್ರೆ ಮೊಬೈಲ್ ಹಿಡ್ಕೊಂಡು ಅಟ್ಟಿಸ್ಕೊಂಡು ಹೋಗ್ಬೇಡಿ, ಎಷ್ಟೋ ಸಲ ಅದೇ ಕಡ್ಡಿಗೆ ವಾಪಸ್ ಬರುತ್ತೆ, ಫೋಕಸ್ ಅಲ್ಲೇ ಇಟ್ಕೊಂಡು ನಿಂತಿರಿ. ಕೆರೆಗೆ ಹೋಗೋಕಾಗ್ದಿದ್ರೆ ಮನೆ ಕರಿಬೇವಿನ ಗಿಡ ಸಾಕು. ಹಕ್ಕಿ ಹಿಕ್ಕೆ ತರ ಕಾಣೋ ಮರಿಹುಳ ಇದ್ಯಾ ನೋಡಿ, ಲೈಮ್ ಅಥವಾ ಕಾಮನ್ ಮಾರ್ಮನ್ ಅನ್ನೋ ಚಿಟ್ಟೇದಿರುತ್ತೆ, ಎಲೆ ತಿನ್ನೋದನ್ನ ಕೂತ್ಕೊಂಡೇ ನೋಡ್ಬಹುದು.

ಕೊರತೇನೂ ಇದೆ. 21 ಮಿ.ಮೀ. ಲೆನ್ಸು, ದಟ್ಟ ನೆರಳಲ್ಲಿ, ಸಂಜೆ ಹೊತ್ತಲ್ಲಿ ಮಂಕು. ವಾಟರ್‌ಪ್ರೂಫ್ ಅಲ್ಲ, ಹಾಗಾಗಿ ಮಳೆಗಾಲದ ಮಲೆನಾಡಿಗೆ ಒಯ್ಯೋದು ಬೇಡ. ಹತ್ತಿರದಿಂದ ದೂರಕ್ಕೆ ಹೋಗೋಕೆ ವ್ಹೀಲ್ ತಿರುಗ್ಸಿ ತಿರುಗ್ಸಿ ಬೆರಳು ಸೋಲುತ್ತೆ, ಕನ್ನಡಕ ಹಾಕೋರಿಗೆ ಸ್ವಲ್ಪ ಇಕ್ಕಟ್ಟು, ತಗೊಳ್ಳೋ ಮುಂಚೆ ಕಣ್ಣಿಗಿಟ್ಟು ನೋಡಿ.

8.5×21 ಅಂತ ಇನ್ನೊಂದಿದೆ, ಜಾಸ್ತಿ ದೊಡ್ಡದಾಗಿ ಕಾಣುತ್ತೆ ಅಂತ ಅದಕ್ಕೆ ಆಸೆ ಬೀಳ್ಬೇಡಿ. ಕೈ ನಡುಕನೂ ಅಷ್ಟೇ ದೊಡ್ಡದಾಗುತ್ತೆ, ಕಾಣೋ ಜಾಗನೂ ಕಿರಿದು, ಅತ್ತಿತ್ತ ಹಾರೋ ಪುಟಾಣಿ ಗ್ರಾಸ್ ಬ್ಲೂ ಚಿಟ್ಟೇನ ಹುಡುಕೋದ್ರೊಳಗೆ ಅದು ಎದ್ದು ಹೋಗಿರುತ್ತೆ. 6.5 ನೇ ತಗೊಳ್ಳಿ. ತೂಕ 300 ಗ್ರಾಮ್ ಒಳಗೇ, ಕತ್ತು ನೋಯಲ್ಲ, ಟ್ರೈಪಾಡಿಗೂ ಹಾಕ್ಬಹುದು.